ಶುಂಠಿ ಕಲ್ಲಿನ ಕಿಲುಬು

ಮಾವನವರು ಕಲ್ಲು ನೆಕ್ಕುತ್ತಿದ್ದರು. ಮದುವೆಯಾಗಿ ಚಿತ್ರದುರ್ಗದ ಆ ಮನೆಗೆ ಬಂದ ಮೂರನೇ ದಿನ, ಪಡಸಾಲೆ ಗುಡಿಸುತ್ತಿದ್ದವಳು ಅದನ್ನು ಕಣ್ಣಾರೆ ಕಂಡೆ. ಕನ್ನಡಕವನ್ನು ಹಣೆಗೇರಿಸಿ, ಕಿಟಕಿಯ ಬೆಳಕಿಗೆ ಒಂದು ಕಲ್ಲು ಹಿಡಿದು, ನಾಲಿಗೆಯನ್ನು ಚೂಪಾಗಿ ಚಾಚಿ ಅದರ ಮೇಲೆ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಎಳೆದರು. ಎಲೆಅಡಿಕೆ ಹಾಕದ, ಬೀಡಿ ಸೇದದ ನಾಲಿಗೆ. ಎಳೆ ಮಗುವಿನದರ ಹಾಗೆ ತೆಳ್ಳಗೆ, ಕೆಂಪಗೆ ಇತ್ತು. ಒದ್ದೆಯಾದಲ್ಲಿ ಕಲ್ಲು ಬಣ್ಣ ಬಿಟ್ಟಿತು. ಹಸಿರು, ಹಸಿರಿನ ಅಡಿಯಲ್ಲಿ ಕಪ್ಪು, ಕಪ್ಪಿನ ಸಂದಿಯಲ್ಲಿ ಕಡುಗೆಂಪು. ಅವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡರು. ನಾನು ಪೊರಕೆಯನ್ನು ಅಲ್ಲೇ ಬಿಟ್ಟು ಒಳಗೋಡಿದೆ.

ರೊಟ್ಟಿ ತಟ್ಟುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಅವರು ಹಂಗೇ ಕಣವ್ವ. ಒದ್ದೆ ಆದ್ರೆ ಒಳಗಿನ ಬಣ್ಣ ಕಾಣ್ತೈತಂತೆ. ಯಾವ ಗುಡ್ಡದ್ದು ಅಂತ ನಾಲಿಗೇಲೇ ಹೇಳ್ತಾರೆ. ನೀನು ನೋಡಿದ್ದು ಅವರಿಗೆ ಗೊತ್ತಾಗ್ಲಿಲ್ಲ ತಾನೆ?"

ಅತ್ತೆಯ ಮಾತೆಲ್ಲ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಅವರಿಗೆ ಗೊತ್ತಾಗ್ಲಿಲ್ಲ ತಾನೆ? ಹಾಲು ಉಕ್ಕಿದರೂ ಅದೇ, ಲೋಟ ಬಿದ್ದರೂ ಅದೇ. ನಾನು ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯವಳು. ನಮ್ಮಪ್ಪ ಕೂಗಾಡಿದರೆ ನಾಲ್ಕು ಮನೆಗೆ ಕೇಳಿಸುತ್ತಿತ್ತು, ಅರ್ಧ ಗಂಟೆಗೆ ತಣ್ಣಗಾಗುತ್ತಿದ್ದ. ಕೂಗಾಡದ ಗಂಡಸಿಗೆ ಇಷ್ಟು ಹೆದರುವುದು ಏಕೆಂದು ನನಗೆ ಆಗ ಅರ್ಥವಾಗಲಿಲ್ಲ.

ಮಾವನವರು ಗುಡ್ಡದ ಆಚೆಯ ತಾಮ್ರದ ಗಣಿಯಲ್ಲಿ ಉಗ್ರಾಣ ನೋಡಿಕೊಂಡಿದ್ದು ನಿವೃತ್ತರಾದವರು. ಗಣಿಯಲ್ಲಿ ಸಿಗುವುದು ಅದಿರು. ಅದನ್ನು ಪುಡಿ ಮಾಡಿ, ಕರಗಿಸಿ, ಸೋಸಿದರೆ ತಾಮ್ರ. ಆದರೆ ಅಪರೂಪಕ್ಕೆ ಎಲ್ಲೋ ಒಂದೆಡೆ, ಬೆಂಕಿಯ ಹಂಗೇ ಇಲ್ಲದೆ ತಾಮ್ರ ತಾಮ್ರವಾಗಿಯೇ ಕಲ್ಲಿನೊಳಗೆ ಬೆಳೆದಿರುತ್ತದೆ. ಸುತ್ತಿಗೆಯಿಂದ ಬಡಿದರೆ ಬೇರೆ ಕಲ್ಲು ಚೂರಾಗುತ್ತದೆ, ಇದು ಚಪ್ಪಟೆಯಾಗುತ್ತದೆ. ಮಾವನವರಿಗೆ ಬೇಕಿದ್ದದ್ದು ಅದೊಂದೇ. ಅದರಲ್ಲೂ ಹೊಸದಾಗಿ ಅಗೆದು ತೆಗೆದದ್ದಲ್ಲ. ಯಾವುದೋ ಕಾಲದ ಜನ ತೋಡಿ ಬಿಟ್ಟುಹೋದ ಹಳೆಯ ಗುಂಡಿಗಳಲ್ಲಿ ಸಿಕ್ಕಿದ್ದು, ಯಾರದೋ ಮನೆಯಲ್ಲಿ ತಲೆಮಾರಿನಿಂದ ಉಳಿದದ್ದು, ಹಿಂದಿನವರು ಚೀಟಿ ಅಂಟಿಸಿ ಇಟ್ಟದ್ದು. ಗಾಜಿನ ಬೀರುವಿನಲ್ಲಿ ನಲವತ್ತಕ್ಕೂ ಹೆಚ್ಚು ತುಂಡುಗಳಿದ್ದವು. ಪ್ರತಿಯೊಂದರ ಮುಂದೆ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಒಂದು ಚೀಟಿ: ಎಲ್ಲಿ ಸಿಕ್ಕಿತು, ಯಾರು ಕೊಟ್ಟರು, ಯಾವ ವರ್ಷ. ಬೀಗದ ಕೈ ಅವರ ಉಡಿದಾರದಲ್ಲಿ ಇರುತ್ತಿತ್ತು, ಸ್ನಾನಕ್ಕೂ ತೆಗೆಯುತ್ತಿರಲಿಲ್ಲ.

ಎಲ್ಲ ತುಂಡುಗಳ ಮೇಲೂ ಹಸಿರು ಕಿಲುಬು. ನಮ್ಮ ಕಡೆ ತಾಮ್ರದ ಪಾತ್ರೆಗೆ ಕಿಲುಬು ಹಿಡಿಯಿತೆಂದರೆ ಆ ಮನೆಯ ಹೆಂಗಸಿನ ಮಾನ ಹೋದ ಹಾಗೆ. ಮಾವನವರಿಗೆ ಆ ಕಿಲುಬೇ ಪ್ರಾಣ. "ಇದು ಕಟ್ಟೋಕೆ ಎಷ್ಟು ಕಾಲ ಬೇಕು ಗೊತ್ತೈತಾ? ನಿಮ್ಮ ವಂಶಾನೆಲ್ಲ ಒಟ್ಟಿಗೆ ಹಾಕಿದ್ರೂ ಅಷ್ಟು ವಯಸ್ಸಾಗಲ್ಲ," ಎನ್ನುತ್ತಿದ್ದರು, ಕೇಳುವವರ ವಂಶವನ್ನು ಬಯ್ಯಲು ಸಿಕ್ಕ ಅವಕಾಶ ಬಿಡದೆ. ಆದರೆ ಇದನ್ನು ಹೇಳುತ್ತಿದ್ದದ್ದು ಬಂದುಹೋಗುವ ಗಂಡಸರ ಮುಂದೆ. ಮನೆಯ ಹೆಂಗಸರಿಗೆ ಹೇಳಿದ್ದು ಒಂದೇ ಮಾತು: ಬೀರು ಮುಟ್ಟಬೇಡಿ.

ನಾನು ಬಂದ ಎರಡನೇ ತಿಂಗಳಲ್ಲಿ ಹಿರಿಯೂರು ಕಡೆಯ ಒಬ್ಬ ಕುರಿಗಾಹಿ ಬಂದ. ಜಗಲಿಯ ಕೆಳಗೇ ನಿಂತು ಕಂಬಳಿಯ ಗಂಟು ಬಿಚ್ಚಿ ಒಂದು ಹಸಿರು ಮುದ್ದೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದ. ಥೇಟ್ ಹಸಿ ಶುಂಠಿಯ ಗಡ್ಡೆ. ಬೆರಳು ಬೆರಳಾಗಿ ಕವಲೊಡೆದಿತ್ತು. ಒಂದು ಪಕ್ಕದಲ್ಲಿ ಹೆಬ್ಬೆರಳ ಉಗುರಿನಗಲದ ಹಳೆಯ ಕಾಗದ, ಅದರ ಮೇಲೆ ಕಂದು ಮಸಿಯ ಇಂಗ್ಲಿಷ್ ಅಕ್ಷರ.

"ಸ್ವಾಮಿ, ನಮ್ಮಜ್ಜ ಒಬ್ಬ ದೊರೆ ಹಿಂದೆ ಗುಡ್ಡಗುಡ್ಡ ತಿರುಗಿ ಸಾಮಾನು ಹೊತ್ತಿದ್ದನಂತೆ. ದೊರೆ ಊರಿಗೆ ಹೋಗೋವಾಗ ಇದನ್ನ ಕೊಟ್ನಂತೆ. ಚೀಟಿ ಅವನೇ ಅಂಟಿಸಿದ್ದು. ದೇವರ ಪೆಟ್ಟಿಗೇಲಿ ಇಟ್ಕಂಡಿದೀವಿ. ಇದೇನು ಅಂತ ಹೇಳೋರು ಯಾರೂ ಸಿಗ್ಲಿಲ್ಲ. ನೀವು ತಿಳಿದೋರಂತೆ. ಏನು ಅಂತ ಗೊತ್ತಾದ್ರೆ ಸಾಕು ಸ್ವಾಮಿ."

ಮಾವನವರು ಅದನ್ನು ಕೈಗೆ ತೆಗೆದುಕೊಂಡರು. ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದೆ. ಅವರ ಕಿವಿಯ ತುದಿ ಕೆಂಪಗಾಗಿದ್ದು ಅಲ್ಲಿಂದಲೇ ಕಾಣುತ್ತಿತ್ತು. ಆದರೆ ನೆಕ್ಕಲಿಲ್ಲ. ತಿರುಗಿಸಿ ನೋಡಿದರು, ಅಂಗೈಯಲ್ಲಿ ತೂಗಿದರು, ಆಮೇಲೆ ನಕ್ಕರು.

"ಕಿಟ್ಟ ಕಣಯ್ಯ. ಕಮ್ಮಾರನ ಕುಲುಮೇಲಿ ಉದುರಿ ಬೀಳ್ತೈತಲ್ಲ, ಆ ಹೊಲಸು. ಮೂರು ತಲೆಮಾರು ಕಿಟ್ಟಕ್ಕೆ ಊದಿನಕಡ್ಡಿ ಹಚ್ಚಿದೀರಲ್ಲ! ಲೇ, ಕೇಳಿದ್ಯೇನೇ ಒಳಗೆ?"

"ದೊರೆ ಯಾಕ್ ಸ್ವಾಮಿ ಕಿಟ್ಟ ಕೊಡ್ತಾನೆ?"

"ನಿಮ್ಮಜ್ಜನ ಯೋಗ್ಯತೆಗೆ ಅಷ್ಟು ಸಾಕು ಅನ್ನಿಸಿರ್ಬೇಕು."

ಹೇಳಿದವರೇ ಅದನ್ನು ಮನೆ ಪಕ್ಕದ ತಿಪ್ಪೆಗೆ ಎಸೆದರು. ಕುರಿಗಾಹಿಯ ಮುಖ ಹೇಗಾಗಿತ್ತೆಂದು ಈಗಲೂ ಕಣ್ಣಿಗೆ ಕಟ್ಟಿದಂತಿದೆ, ಬರೆಯಲು ಮನಸ್ಸಿಲ್ಲ. ಅತ್ತೆ ರೊಟ್ಟಿ, ಮಜ್ಜಿಗೆ ತಂದರೆ ಮುಟ್ಟಲಿಲ್ಲ. ಒಂದು ಲೋಟ ನೀರು ಕುಡಿದು, ಖಾಲಿ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಅವನು ಬೀದಿಯ ತಿರುವು ದಾಟುವುದರೊಳಗೆ ಮಾವನವರು ಪಂಚೆ ಎತ್ತಿ ಕಟ್ಟಿ ತಿಪ್ಪೆಗೆ ಇಳಿದಿದ್ದರು. ಆಮೇಲೆ ಯೋಚಿಸಿದರೆ, ಎಸೆಯುವಾಗಲೂ ಹುಲ್ಲು ದಪ್ಪಗೆ ಬಿದ್ದಿದ್ದ ಕಡೆ ನೋಡಿಯೇ ಎಸೆದಿದ್ದರು. ಅಲ್ಲೇ ನಿಂತು, ಸಗಣಿಯ ವಾಸನೆಯ ನಡುವೆ, ಆ ಕಲ್ಲನ್ನು ಉದ್ದಕ್ಕೂ ನೆಕ್ಕಿದರು.

ಬೀರುವಿನ ನಡುವಿನ ಅಂತಸ್ತಿನಲ್ಲಿ ಶುಂಠಿ ಕಲ್ಲಿಗೆ ಜಾಗವಾಯಿತು. ಚೀಟಿಯಲ್ಲಿ "ಕೊಟ್ಟವರು" ಎಂಬಲ್ಲಿ "ಸ್ವಂತ ಹುಡುಕಾಟ" ಎಂದು ಬರೆದರು. ಅತ್ತೆ ಅವತ್ತು ಉಣ್ಣಲಿಲ್ಲ. ನಾನು? ಸುಳ್ಳೇಕೆ ಹೇಳಲಿ, ಹೊಟ್ಟೆ ತುಂಬ ಉಂಡೆ. ಹೊಸ ಮನೆ, ಹೊಸ ಗಂಡ, ಕುರಿಯವನ ದುಃಖ ಕಟ್ಟಿಕೊಂಡು ನನಗೇನು ಎನಿಸಿತ್ತು.

ನನಗಿಂತ ಮುಂಚೆ ಆ ಮನೆಗೆ ಇನ್ನೊಬ್ಬಳು ಸೊಸೆ ಬಂದಿದ್ದಳು, ದೊಡ್ಡ ಮಗನ ಹೆಂಡತಿ. ಬೀರು ತೆರೆದಿದ್ದ ಒಂದು ದಿನ ಧೂಳು ಒರೆಸುವಾಗ ನಾಲ್ಕು ಕಲ್ಲುಗಳ ಚೀಟಿ ಅದಲುಬದಲು ಮಾಡಿಟ್ಟಳಂತೆ. ಮಾವನವರು ಬಯ್ಯಲಿಲ್ಲ. ಮರುದಿನ ಬೆಳಿಗ್ಗೆ ಅವಳ ಟ್ರಂಕನ್ನು ತಾವೇ ಹೊತ್ತು ಹೊಳಲ್ಕೆರೆ ಬಸ್ಸಿನ ಮೇಲೆ ಹಾಕಿಸಿ, "ಹಬ್ಬಕ್ಕೆ ಕರೆಸ್ಕಂತೀವಿ" ಎಂದು ತವರಿಗೆ ಕಳಿಸಿದರು. ಯಾವ ಹಬ್ಬಕ್ಕೂ ಕರೆಸಲಿಲ್ಲ. ಎರಡು ವರ್ಷಕ್ಕೆ ದೊಡ್ಡ ಮಗನಿಗೆ ಬೇರೆ ಮದುವೆ ಮಾಡಿ ಬೇರೆ ಊರಿಗೆ ಅಟ್ಟಿದರು. ಇದನ್ನೆಲ್ಲ ನನಗೆ ಹೇಳಿದ್ದು ಅತ್ತೆ, ಹೂ ಕಟ್ಟುತ್ತಾ, ಗೋಡೆಗೂ ಕೇಳಿಸದ ದನಿಯಲ್ಲಿ. "ನೀನು ಹುಷಾರಾಗಿರು ಮಗ. ನೀನೂ ಹೋದ್ರೆ ನಾನು ಯಾರ ಕೂಡ ಮಾತಾಡ್ಲಿ?"

ನನ್ನ ಗಂಡ ಭರಮಸಾಗರದಲ್ಲಿ ಮೇಷ್ಟ್ರು. ಶನಿವಾರ ಮಧ್ಯಾಹ್ನ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು. ತರಗತಿಯಲ್ಲಿ ಹುಲಿಯಂತೆ, ಮನೆಯಲ್ಲಿ ಅಪ್ಪನ ಕೆಮ್ಮು ಕೇಳಿದರೆ ಪೇಪರಿನ ಹಿಂದೆ ಮುಖ ಮರೆಸುತ್ತಿದ್ದರು.

ಆ ವರ್ಷದ ಆಯುಧ ಪೂಜೆ ಬಂತು. ನಾನು ನಾಲ್ಕು ತಿಂಗಳ ಬಸುರಿ. ಮಾವನವರು ದೇವರು ದಿಂಡರೆಂದರೆ ಮೂಗು ಮುರಿಯುವವರು, ಆದರೆ ಆ ದಿನ ಮಾತ್ರ ಸುತ್ತಿಗೆ, ಭೂತಗಾಜು, ಒಂದು ಕಲ್ಲನ್ನು ಪೂಜೆಗೆ ಇಡುತ್ತಿದ್ದರಂತೆ. ಅಂದು ಇಟ್ಟದ್ದು ಶುಂಠಿ ಕಲ್ಲನ್ನು. ಹಬ್ಬ ಮುಗಿದ ಮೂರನೇ ದಿನಕ್ಕೆ ಬೆಂಗಳೂರಿನಿಂದ ವಸ್ತುಸಂಗ್ರಹಾಲಯದ ಅಧಿಕಾರಿಯೊಬ್ಬರು ಅದನ್ನು ನೋಡಲು ಬರುವವರಿದ್ದರು. ಒಪ್ಪಿಗೆಯಾದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೆಳಗೆ ಮಾವನವರ ಹೆಸರು ಹಾಕುತ್ತಾರಂತೆ. ಆ ಒಂದು ವಾರ ಅವರು ಊಟದ ಮಧ್ಯೆ ಸುಮ್ಮನೆ ನಗುತ್ತಿದ್ದರು. ಅತ್ತೆ ಅದಕ್ಕೂ ಹೆದರುತ್ತಿದ್ದರು.

ಬೆಳಿಗ್ಗೆ ಹಲಗೆಯ ಮೇಲೆ ಎಲ್ಲ ಜೋಡಿಸಿ ಮಾವನವರು ಹೂವಿಗೆಂದು ಸಂತೆಗೆ ಹೋದರು. ಅತ್ತೆ ಹಿತ್ತಲಲ್ಲಿ ಒಲೆ ಹಚ್ಚುತ್ತಿದ್ದರು. ನಾನು ಮನೆಯ ತಾಮ್ರವನ್ನೆಲ್ಲ ಗುಡ್ಡೆ ಹಾಕಿಕೊಂಡು ಬಚ್ಚಲ ಮುಂದೆ ಕುಳಿತಿದ್ದೆ. ಚೊಂಬು, ಹಂಡೆ, ಆರತಿ ತಟ್ಟೆ ಎಲ್ಲ ಹುಣಸೆಹಣ್ಣಿಗೆ ಥಳಥಳ ಎಂದವು. ಅವನ್ನು ಹಲಗೆಯ ಪಕ್ಕ ಇಟ್ಟು ನೋಡಿದರೆ ನಡುವೆ ಆ ಹಸಿರು ಮುದ್ದೆ. ಅಯ್ಯೋ, ಬೆಂಗಳೂರಿನವರು ಬಂದು ನೋಡಿದರೆ ಏನಂದುಕೊಂಡಾರು, ಮನೆಯಲ್ಲಿ ಇಬ್ಬರು ಹೆಂಗಸರಿದ್ದೂ ತಾಮ್ರಕ್ಕೆ ಕಿಲುಬು ಹಿಡಿಸಿದ್ದಾರೆ ಎನ್ನುವುದಿಲ್ಲವೆ? ಮಾವನವರ ಮುಖ ನನ್ನಿಂದ ಒಮ್ಮೆಯಾದರೂ ಅರಳಲಿ ಎನಿಸಿತು. ಬೀರು ಮುಟ್ಟಬೇಡ ಎಂದಿದ್ದರು. ಕಲ್ಲು ಬೀರುವಿನಲ್ಲಿ ಇರಲಿಲ್ಲವಲ್ಲ.

ಹುಣಸೆಹಣ್ಣಿಗೆ ಕಲ್ಲುಪ್ಪು ಬೆರೆಸಿ ಉಜ್ಜಿದೆ. ಮಾಡದಕೆರೆಯಲ್ಲಿ ನಾವು ಹಾಗೇ ತೊಳೆಯುವುದು. ಅತ್ತೆ ಮಾತ್ರ ಪಾತ್ರೆಗೆ ಉಪ್ಪು ಹಾಕುತ್ತಿರಲಿಲ್ಲ. ಉಪ್ಪು ಲಕ್ಷ್ಮಿ, ಬಚ್ಚಲಿಗೆ ಹೋಗಬಾರದು ಎಂದು ಹುಣಸೆಹಣ್ಣಿಗೆ ಒಲೆಯ ಬೂದಿ ಹಾಕಿ ತೊಳೆಯುತ್ತಿದ್ದರು. ಬೂದಿಗೆ ಅಷ್ಟು ಹೊಳಪು ಬರುವುದಿಲ್ಲವೆಂದು ನಾನು ಕದ್ದು ಉಪ್ಪು ತಂದಿದ್ದೆ. ಕಾಗದದ ಚೂರು ನೆನೆದು ಎರಡು ಉಜ್ಜಿಗೇ ಕಿತ್ತು ಬಂತು. ಹಸಿರೆಲ್ಲ ಬಿಟ್ಟುಕೊಂಡು ಹೋಯಿತು, ಕಪ್ಪು ಹೋಯಿತು. ಸಂದಿಗೆ ಬೆರಳು ಹೋಗದ ಕಡೆ ಪೊರಕೆ ಕಡ್ಡಿ ಹಾಕಿ ಕೆರೆದೆ. ಕೊನೆಗೆ ನನ್ನ ಕೈಯಲ್ಲಿ ಹೊಸ ಚೊಂಬಿನ ಹಾಗೆ ಮಿಂಚುವ ಒಂದು ಶುಂಠಿ ಇತ್ತು. ಒಮ್ಮೆ ನೀರಿಗೆ ಅದ್ದಿ ಸೆರಗಿನಲ್ಲಿ ಒರೆಸಿ, ನಾನೇ ಮೆಚ್ಚಿಕೊಂಡೆ.

ಬಿಸಿನೀರಿನ ಕೊಡ ಹಿಡಿದು ಬಂದ ಅತ್ತೆ ಅದನ್ನು ನೋಡಿದರು. ಕೊಡವನ್ನು ನಿಧಾನವಾಗಿ ಕೆಳಗಿಟ್ಟರು.

"ಏನ್ ಮಾಡ್ದೆ ಮಗ."

ಅದು ಪ್ರಶ್ನೆಯಾಗಿರಲಿಲ್ಲ. ಅವರ ಮುಖ ನೋಡಿದೆ. ಹೊಳಲ್ಕೆರೆ ಬಸ್ಸು, ಟ್ರಂಕು, ಹೊಟ್ಟೆಯಲ್ಲಿನ ಕೂಸು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಹೊರಗೆ ಗೇಟು ಕಿರ್ರೆಂದಿತು. ಅತ್ತೆ ನನ್ನ ಪಕ್ಕದ ಉಪ್ಪಿನ ಬಟ್ಟಲನ್ನು ಎತ್ತಿ, ಒಂದು ಹರಳೂ ಉಳಿಯದಂತೆ ಬಚ್ಚಲಿಗೆ ಸುರಿದರು. ಉಪ್ಪು ನೆಲಕ್ಕೆ ಬಿದ್ದರೆ ಕಣ್ಣಿಗೊತ್ತಿಕೊಂಡು ಎತ್ತಿಡುತ್ತಿದ್ದ ಹೆಂಗಸು! ನನ್ನ ಕೈಯ ಹುಣಸೆ ಹಿಪ್ಪೆಯನ್ನು ಕಸಿದು ತಮ್ಮ ಎರಡೂ ಕೈಗೆ ಬಳಿದುಕೊಂಡರು, ಮೇಲೆ ಒಂದು ಹಿಡಿ ಬೂದಿ. ನನ್ನನ್ನು ಎಬ್ಬಿಸಿ ಅಡುಗೆಮನೆಗೆ ದೂಡಿ ಆ ಜಾಗದಲ್ಲಿ ತಾವು ಕುಳಿತರು.

ಮಾವನವರು ಬಂದು ನಿಂತರು. ಹೂವಿನ ಪೊಟ್ಟಣ ಕೈಯಿಂದ ಜಾರಿತು.

"ನಾನೇ ತೊಳ್ದೆ ಕಣ್ರಿ. ಕಿಲುಬು ಹಿಡಿದಿತ್ತು."

ಕೂಗು ಬರುತ್ತದೆ ಎಂದು ನಾನು ಬಾಗಿಲ ಹಿಂದೆ ಕಿವಿ ಮುಚ್ಚಿಕೊಂಡೆ. ಬರಲಿಲ್ಲ. ಅವರು ಕಲ್ಲನ್ನು ಎತ್ತಿ ಬೆಳಕಿಗೆ ಹಿಡಿದರು. ಅಭ್ಯಾಸಬಲವೋ ಏನೋ, ನಾಲಿಗೆ ಹೊರಬಂತು. ಒಂದು ಸಂದಿಯನ್ನು ನೆಕ್ಕಿದರು, ಇನ್ನೊಂದನ್ನು ನೆಕ್ಕಿದರು, ಪಕ್ಕಕ್ಕೆ ತಿರುಗಿ ಉಗಿದರು. ಅತ್ತೆಯನ್ನು ನೋಡಿದರು. ಅಡುಗೆಮನೆ ಬಾಗಿಲನ್ನು ನೋಡಿದರು.

"ಏನ್ ಹಾಕಿ ತೊಳ್ದೆ?"

"ಹುಣಸೆಹಣ್ಣು, ಬೂದಿ. ಇನ್ನೇನ್ ಹಾಕ್ತಾರೆ."

"ಹೌದಾ?" ಎಂದರು. "ಬೂದಿ." ಅಷ್ಟೇ ಎಂದು ಒಳಗೆ ಹೋದರು. ಅತ್ತೆ ನನ್ನ ಹತ್ತಿರ ಬಂದು, "ಬಿಡು ಮಗ, ಆ ಕಲ್ಲು ನಮ್ಮದಾದ್ರೂ ಆಗಿತ್ತಾ," ಎಂದರು.

ಮೂರನೇ ದಿನ ಅಧಿಕಾರಿ ಬಂದರು. ಕಲ್ಲನ್ನು ನೋಡಿ, "ಛೆ, ಛೆ, ತೊಳೆದುಬಿಟ್ಟಿದ್ದೀರಲ್ಲ ಯಜಮಾನರೆ! ಚೀಟಿನೂ ಇಲ್ಲ. ಇನ್ನು ಇದಕ್ಕೂ ಪಾತ್ರೆ ಅಂಗಡಿ ತುಂಡಿಗೂ ಏನು ವ್ಯತ್ಯಾಸ?" ಎಂದರು. ಮಾವನವರು ನಗುತ್ತಾ ಒಳಗೆ ಕೂಗಿದರು. "ಲೇ ಇವಳೇ, ಬಾ ಇಲ್ಲಿ. ಸಾಹೇಬರಿಗೆ ಹೇಳು, ಏನ್ ಹಾಕಿ ತೊಳ್ದೆ?"

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಪಡಸಾಲೆಗೆ ಹೋಗಿ ನಿಂತರು. "ಹುಣಸೆಹಣ್ಣು, ಬೂದಿ."

"ಯಾಕೆ ತೊಳ್ದೆ?"

"ಬುದ್ಧಿ ಇರ್ಲಿಲ್ಲ."

ಆ ಎರಡನೇ ಉತ್ತರವನ್ನು ಮಾವನವರು ಅವರಿಗೆ ಹಿಂದಿನ ದಿನವೇ ಬಾಯಿಪಾಠ ಮಾಡಿಸಿದ್ದರು. ಸಾಹೇಬರು ನಕ್ಕರು. ಅಲ್ಲಿಂದ ಮುಂದೆ ಆ ಮನೆಗೆ ಯಾರೇ ಬರಲಿ, ಗಣಿಯ ಹಳೆಯ ಗೆಳೆಯರು, ಕಾಲೇಜು ಮೇಷ್ಟ್ರುಗಳು, ಅಂಚೆಯವನು ಕೂಡ, ಬೀರು ತೋರಿಸಿದ ಮೇಲೆ ಅತ್ತೆಯನ್ನು ಕರೆಸಿ ಈ ಎರಡು ಪ್ರಶ್ನೆ ಕೇಳದೆ ಕಾಫಿ ಕೊಡಿಸುತ್ತಿರಲಿಲ್ಲ. ಬೀರುವಿನ ನಡುವಿನ ಅಂತಸ್ತಿನಲ್ಲಿ ಕಲ್ಲಿಲ್ಲದೆ ಬರೀ ಒಂದು ಹೊಸ ಚೀಟಿ ಇತ್ತು. ಅದೇ ಮುತ್ತಿನಂಥ ಅಕ್ಷರ: "ಶುಂಠಿ ಕಲ್ಲು. ತೊಳೆದವಳು, ಮನೆಯಾಕೆ." ಓದಲು ಬಾರದ ಅತ್ತೆ ಒಂದು ದಿನ ನನ್ನನ್ನು ಕೇಳಿದರು, ಅಲ್ಲಿ ಏನು ಬರೆದಿದೆ ಎಂದು. ಕಲ್ಲಿನ ಹೆಸರು ಎಂದೆ.

ಕಲ್ಲು ಎಲ್ಲಿತ್ತೆಂದರೆ ಹಿತ್ತಲಿನ ಬಟ್ಟೆ ಒಗೆಯುವ ಚಪ್ಪಡಿಯ ಪಕ್ಕ. "ಕಿಲುಬು ತೆಗೆದೋಳು ನೀನು, ವಾಪಸ್ ಕಟ್ಸೋಳೂ ನೀನೆ. ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಹುಯ್ಯಿ. ಹಸಿರು ಬರೋವರ್ಗೂ," ಎಂದು ಅಪ್ಪಣೆಯಾಗಿತ್ತು. ಚಳಿಯಿರಲಿ, ಜ್ವರವಿರಲಿ, ಅತ್ತೆ ಮುಖ ತೊಳೆಯುವ ಮೊದಲು ಆ ಕಲ್ಲಿಗೆ ನೀರು ಹಾಕುತ್ತಿದ್ದರು. ಒಂದು ಚೊಂಬು ಎಂದರೆ ಮೂರು ಚೊಂಬು. ಕಲ್ಲನ್ನು ತಿರುಗಿಸಿ, ಮಗುಚಿ, ಸಂದಿಸಂದಿಗೂ ನೀರು ಬಿಡುತ್ತಿದ್ದರು. ಹೆದರಿಕೆಗೆ ಹೀಗೆ ಆಡುತ್ತಾರಲ್ಲ ಎಂದು ನನಗೆ ಮರುಕದ ಜೊತೆಗೆ ಸಿಟ್ಟೂ ಬರುತ್ತಿತ್ತು. ತಿಂಗಳಿಗೊಮ್ಮೆ ಮಾವನವರು ಬಂದು ನೋಡಿ, "ಇದೇನು, ಹಳೇ ಪೈಸೆ ತರ ಮಂಕಾಗೈತೆ ಅಷ್ಟೆ. ಹುಯ್ಯಿ, ಹುಯ್ಯಿ," ಎಂದು ಹೋಗುತ್ತಿದ್ದರು.

ಮನೆಗೆ ಹುಣಸೆಹಣ್ಣು ಬರಕೂಡದು ಎಂದೂ ಆಯಿತು. ಸಾರಿಗೆ ನಿಂಬೆಹುಳಿ. ನನಗೋ ಬಯಕೆ ಶುರುವಾಗಿ ಕನಸಿನಲ್ಲೂ ಹುಣಸೆಹಣ್ಣೇ. ಅತ್ತೆ ಪಕ್ಕದ ಕಲಾಯಿ ಸಾಬರ ಮನೆಯಾಕೆಯ ಹತ್ತಿರ, ಪಾತ್ರೆ ತೊಳೆಯಲು ಇಟ್ಟಿದ್ದರಲ್ಲಿ ಒಂದು ಉಂಡೆ ಬೇಡಿ ತಂದು, ಹಿತ್ತಲ ಬಾಗಿಲಲ್ಲಿ ಕಾವಲು ನಿಂತು ನನಗೆ ತಿನ್ನಿಸುತ್ತಿದ್ದರು. ನಾನು ಚೀಪುತ್ತಾ ಅಳುತ್ತಿದ್ದೆ, ಅಳುತ್ತಾ ಚೀಪುತ್ತಿದ್ದೆ. "ಅತ್ತೆ, ನಾಳೆ ಹೇಳಿಬಿಡ್ತೀನಿ," ಎಂದರೆ, "ಹೆರಿಗೆ ಆಗ್ಲಿ," ಎನ್ನುತ್ತಿದ್ದರು. ಹೆರಿಗೆಯಾಯಿತು, ಹೆಣ್ಣು. "ಕೂಸು ಎದ್ದು ನಡೀಲಿ," ಎಂದರು. ಕೂಸು ನಡೆಯಿತು, ಓಡಿತು. ಅವರು ಬೇಡವೆಂದರು, ನಾನು ಹೇಳಲಿಲ್ಲ ಎಂದು ಬರೆದರೆ ಓದುವವರು ನನ್ನನ್ನು ಕ್ಷಮಿಸಬಹುದು. ನಿಜ ಅದಲ್ಲ. ಅವರು ಬೇಡವೆನ್ನುತ್ತಾರೆ ಎಂದು ಗೊತ್ತಿದ್ದೇ ನಾನು ಕೇಳುತ್ತಿದ್ದೆ. ಪಡಸಾಲೆಯಿಂದ "ಲೇ ಇವಳೇ" ಎಂಬ ಕೂಗು ಬಂದಾಗಲೆಲ್ಲ ಅತ್ತೆ ಎದ್ದು ಹೋಗುತ್ತಿದ್ದರು, ನಾನು ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಗಂಡನಿಗೆ ಹೇಳಿದೆ. ಪೇಪರು ಮಡಚಿ, "ಸುಮ್ನಿರು. ಅಮ್ಮನಿಗೆ ಅಭ್ಯಾಸ ಆಗೈತೆ," ಎಂದರು.

ಹೀಗೆ ಐದು ವರ್ಷ.

ಆರನೆಯ ಬೇಸಿಗೆಯಲ್ಲಿ ಅತ್ತೆಗೆ ಕಾಮಾಲೆಯಾಯಿತು. ಕಣ್ಣು, ಉಗುರು ಅರಿಶಿನ ಬಳಿದಂತಾದವು. ಹಾಸಿಗೆ ಹಿಡಿದ ಮೇಲೆ ನೀರು ಹಾಕುವ ಕೆಲಸ ನನಗೆ ಬಂತು. ದಿನಾ ಬೆಳಿಗ್ಗೆ ಕೇಳುತ್ತಿದ್ದರು: "ಹಾಕಿದ್ಯಾ ಮಗ? ಮೂರು ಚೊಂಬು ಹಾಕು. ಸಂದೀಲೆಲ್ಲ ನೀರು ಹೋಗ್ಲಿ." ಸಾಯುವ ಹೊತ್ತಿನಲ್ಲೂ ಆ ದರಿದ್ರ ಕಲ್ಲಿನ ಚಿಂತೆಯೇ ಎಂದು ನಾನು ಗೊಣಗಿದೆ. ಕೊನೆಯ ದಿನ ಮಾತಿನ ಮೇಲೆ ಹಿಡಿತ ತಪ್ಪಿತ್ತು. ಯಾರೋ ಎದುರಿಗೆ ನಿಂತವರಂತೆ "ಹುಣಸೆಹಣ್ಣು, ಬೂದಿ" ಎಂದರು, ಸ್ವಲ್ಪ ಹೊತ್ತು ಬಿಟ್ಟು "ಬುದ್ಧಿ ಇರ್ಲಿಲ್ಲ" ಎಂದರು. ಮಾವನವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಒಳಗೆ ಬರಲಿಲ್ಲ.

ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ನಾನು ಒಲೆಯ ಮುಂದೆ ಕುಳಿತಿದ್ದೆ. ಮಾವನವರು ಹಿತ್ತಲಿನಿಂದ ಬಂದರು.

"ಕಲ್ಲಿಗೆ ನೀರು ಹಾಕಿಲ್ಲ?"

ಎದ್ದು ನಿಂತು, ಐದು ವರ್ಷದಲ್ಲಿ ಮೊದಲ ಸಲ ಅವರ ಮುಖ ನೋಡಿ ಹೇಳಿದೆ. "ಮಾವ, ಅದನ್ನ ತೊಳೆದಿದ್ದು ಅತ್ತೆ ಅಲ್ಲ. ನಾನು."

"ಗೊತ್ತು," ಎಂದರು.

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಇಬ್ಬರೂ ಇಳಿಸಲಿಲ್ಲ.

"ಅವತ್ತೇ ಗೊತ್ತು. ಬೂದಿ ಹಾಕ್ದೆ ಅಂದ್ಲು. ನಾಲಿಗೆಗೆ ಉಪ್ಪು ಸಿಕ್ತು. ಮೂವತ್ತೈದು ವರ್ಷ ಸಂಸಾರ ಮಾಡಿದೀನಿ, ಅವಳು ಪಾತ್ರೆಗೆ ಉಪ್ಪು ಹಾಕಿದ್ದು ನಾನು ಕಾಣೆ. ಉಪ್ಪು ಹಾಕೋರು ನಿಮ್ಮ ಕಡೆಯೋರು."

"ಮತ್ತೆ ಯಾಕೆ... ಅಷ್ಟು ಜನರ ಮುಂದೆ..."

"ಸುಳ್ಳು ಹೇಳಿದ್ಲಲ್ಲ, ಹೇಳ್ತಾ ಇರ್ಲಿ ಅಂತ. ನೀನು ಯಾವತ್ತು ಬಾಗಿಲಿಂದ ಆಚೆ ಬರ್ತೀಯ ಅಂತ ನಾನೂ ನೋಡ್ತಿದ್ದೆ. ಬರ್ಲಿಲ್ಲ." ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. "ನಂಗೆ ಗೊತ್ತು ಅನ್ನೋದು ಅವಳಿಗೂ ಗೊತ್ತಿತ್ತು. ನಾನು ಬಾಯಿಬಿಟ್ಟು ನಿನ್ನ ಹೆಸರು ಹೇಳ್ದಂಗೆ ನೋಡ್ಕಂಡ್ಲು, ಅಷ್ಟೆ. ಏನೂ ಗೊತ್ತಿಲ್ದಂಗೆ ಇದ್ದೋಳು ಈ ಮನೇಲಿ ನೀನೊಬ್ಳೇ."

ಅಷ್ಟು ಹೇಳಿ ಕಾಫಿ ಕೇಳಿದರು. ನಾನು ಕಾಫಿ ಮಾಡಿ ಕೊಟ್ಟೆ. ಏನು ಮಾಡಬೇಕಿತ್ತು ಎಂದು ಇವತ್ತಿಗೂ ಗೊತ್ತಿಲ್ಲ, ಮಾಡಿದ್ದು ಅದು.

ನನ್ನನ್ನು ಅವರು ತವರಿಗೆ ಕಳಿಸಲಿಲ್ಲ. ಅಡುಗೆ ಮಾಡಲು ಇನ್ನು ಯಾರಿದ್ದರು? ಮರುವರ್ಷ ಪಾರ್ಶ್ವವಾಯು ಹೊಡೆದು ಬಲಗೈ ಹೋಯಿತು, ಮಾತು ಪೂರ್ತಿ ನಿಂತಿತು. ಆ ನಾಲಿಗೆ ಬಾಯಿಯ ಒಂದು ಮೂಲೆಯಲ್ಲಿ ಒದ್ದೆ ಬಟ್ಟೆಯ ಹಾಗೆ ಬಿದ್ದಿರುತ್ತಿತ್ತು. ಏಳು ತಿಂಗಳು ನಾನೇ ಗಂಜಿ ಕುಡಿಸಿದೆ. ಉಪ್ಪು ಹಾಕಲಿಲ್ಲ. ಡಾಕ್ಟರು ಉಪ್ಪು ಬಿಡಿ ಎಂದಿರಲಿಲ್ಲ, ನಾನೇ ಬಿಟ್ಟೆ. ಮೊದಲ ಚಮಚಕ್ಕೇ ಅವರಿಗೆ ತಿಳಿಯಿತು. ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು, ನಾನೂ ನೋಡಿದೆ. ನುಂಗಿದರು. ಗಂಡ ಒಂದು ಭಾನುವಾರ ರುಚಿ ನೋಡಿ, "ಸಪ್ಪೆ ಐತಲ್ಲ," ಎಂದರೆ, "ಅಪ್ಪನಿಗೆ ಅಭ್ಯಾಸ ಆಗೈತೆ," ಎಂದೆ. ಗಂಡ ಮತ್ತೆ ಪೇಪರು ಬಿಚ್ಚಿದರು. ಮಾವನವರು ಆ ಮಳೆಗಾಲದ ಕೊನೆಗೆ, ಬೀರುವಿನ ಕಡೆ ಮುಖ ಮಾಡಿಕೊಂಡೇ ಹೋದರು. ಉಡಿದಾರದಿಂದ ಬೀಗದ ಕೈ ಬಿಚ್ಚಿದವಳೂ ನಾನೇ.

ತಿಥಿಯೆಲ್ಲ ಮುಗಿದ ಮೇಲೆ ಅದೇ ಬೆಂಗಳೂರಿನ ಅಧಿಕಾರಿ ಬಂದು, ಕಲ್ಲುಗಳನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತಿ, ಚೀಟಿಗಳ ಸಮೇತ ಪೆಟ್ಟಿಗೆಗೆ ತುಂಬಿಕೊಂಡರು. ಹಿತ್ತಲಿನ ಕಲ್ಲನ್ನೂ ತಂದು ತೋರಿಸಿದೆ. ಕೈಯಲ್ಲೂ ಹಿಡಿಯದೆ, "ಅದು ಬೇಡಮ್ಮ, ನೀವೇ ಇಟ್ಕೊಳ್ಳಿ," ಎಂದರು. ಕುರಿಗಾಹಿಗೆ ಕೊಡೋಣವೆಂದರೆ ಅವನ ಊರು ಯಾವುದೆಂದು ಆ ಮನೆಯಲ್ಲಿ ಯಾರೂ ಕೇಳಿಕೊಂಡಿರಲಿಲ್ಲ.

ಅಧಿಕಾರಿ ಹೋದ ಮೇಲೆ ಆ ಕಲ್ಲನ್ನು ಹಿಡಿದುಕೊಂಡು ಪಡಸಾಲೆಯ ಕಿಟಕಿಯ ಹತ್ತಿರ ನಿಂತೆ. ಮೈಯೆಲ್ಲ ಮಂಕು ಕಂದು, ಸಂದಿಯಲ್ಲಿ ಮಾತ್ರ ಒಂದೆರಡು ಕಡೆ ಎಳೆ ಹಸಿರು. ನೋಡುವವರು ಯಾರೂ ಇರಲಿಲ್ಲ. ನಾಲಿಗೆ ಚಾಚಿ ನೆಕ್ಕಿದೆ. ಕಹಿ, ಒಗರು, ಮಣ್ಣು. ನನ್ನ ಉಪ್ಪಿಗಾಗಿ ಪ್ರತಿ ಸಂದಿಗೂ ನಾಲಿಗೆ ಹಾಕಿ ಹುಡುಕಿದೆ. ಎಲ್ಲೂ ಇರಲಿಲ್ಲ. ಐದು ವರ್ಷ, ದಿನಾ ಬೆಳಿಗ್ಗೆ, ಅತ್ತೆ ಅದನ್ನು ತೊಳೆದು ಹಾಕಿದ್ದರು. ಮಾವನವರು ಹೇಳಿದ್ದು ಒಂದು ಚೊಂಬು. ಅತ್ತೆ ಹಾಕುತ್ತಿದ್ದದ್ದು ಮೂರು.